ಆರು ಎಣಿಕೆಯ ಮೌನ

ಬೈಲಹೊಂಗಲದ ನಮ್ಮ ಸಣ್ಣ ಕ್ರೈಸ್ತ ಸಭೆಯಲ್ಲಿ ಒಂದು ಬೆಳಗಿನ ಸ್ತೋತ್ರವಿತ್ತು. ಅದರ ಮೂರನೆಯ ಸಾಲು ಮುಗಿದ ಕೂಡಲೇ ಎಲ್ಲರೂ ಬಾಯಿ ಮುಚ್ಚಿ ಮನಸ್ಸಿನಲ್ಲಿ ಆರು ಎಣಿಸಬೇಕು. ಆಮೇಲೆ ನಾಲ್ಕನೆಯ ಸಾಲು. ಅಪ್ಪ ಮುಂದಿನ ಬೆಂಚಿನ ಬಳಿ ನಿಂತು ಹೆಬ್ಬೆರಳಿನಿಂದ ಉಳಿದ ಬೆರಳುಗಳನ್ನು ಮುಟ್ಟುತ್ತ ಎಣಿಸುತ್ತಿದ್ದರು. ಆರನೆಯದಕ್ಕೆ ಗದ್ದ ಎತ್ತುತ್ತಿದ್ದರು, ನಾವು ಶುರು ಮಾಡುತ್ತಿದ್ದೆವು. ಯಾಕೆ ಸುಮ್ಮನಿರಬೇಕು ಎಂದು ಯಾರೂ ಕೇಳಲಿಲ್ಲ. ಅದು ಭಕ್ತಿಯ ಮೌನ ಎಂದು ನಾವೆಲ್ಲ ತಿಳಿದಿದ್ದೆವು. ಆ ಮೌನದಲ್ಲಿ ಕೆಮ್ಮಿದ ಮಕ್ಕಳ ಕಿವಿ ಹಿಂಡುವ ಕೆಲಸ ನನ್ನದು.

ನಾನು ಮಿಶನ್ ಆಸ್ಪತ್ರೆಯಲ್ಲಿ ನರ್ಸಿಂಗ್ ಕಲಿತವಳು. ನಾಲ್ಕೂವರೆಗೆ ಗಂಟೆ, ಐದಕ್ಕೆ ಪ್ರಾರ್ಥನೆ, ಐದೂಕಾಲಿಗೆ ಹಾಸಿಗೆಯ ಮೂಲೆಗಳನ್ನು ಮಡಚಿ ತೋರಿಸಬೇಕು. ಮೂವತ್ತಾರು ವರ್ಷ ಸರಕಾರಿ ಆಸ್ಪತ್ರೆಯಲ್ಲಿ ಕೆಲಸ ಮಾಡಿದರೂ ಆ ಗಂಟೆ ನನ್ನನ್ನು ಬಿಡಲಿಲ್ಲ. ಯಾವುದಕ್ಕೂ ಒಂದು ಕ್ರಮ ಇರಬೇಕು, ಕ್ರಮ ತಪ್ಪಿದರೆ ತಕ್ಷಣ ಹೇಳಬೇಕು. ಇದನ್ನು ಹೆಮ್ಮೆಯಿಂದ ಬರೆಯುತ್ತಿಲ್ಲ. ಮುಂದಿನದು ಅರ್ಥವಾಗಲಿ ಎಂದು ಬರೆಯುತ್ತಿದ್ದೇನೆ.

ಅಪ್ಪ ಹರೆಯದಲ್ಲಿ ಸ್ವಿಸ್ ಮಿಶನ್ನಿನವರ ನೇಯ್ಗೆಯ ಶೆಡ್ಡಿನಲ್ಲಿ ನೂಲಿನ ಗೋದಾಮು ನೋಡಿಕೊಳ್ಳುತ್ತಿದ್ದರು. ಮಗ್ಗಗಳು ಶುರುವಾಗುವ ಮೊದಲು ಅಲ್ಲಿ ದಿನವೂ ಹಾಡಿತ್ತು. ಕಲಿಸಿದವರು ಶೆಡ್ಡಿನ ಸಾಹೇಬರ ಹೆಂಡತಿ. ಮಂದಿ ಅವರನ್ನು ದೊರಸಾನಿ ಎನ್ನುತ್ತಿದ್ದರು. ಅವರು ಕಲಿಸಿದ್ದರಲ್ಲಿ ಈ ಒಂದು ಹಾಡು ಮಾತ್ರ ಅಚ್ಚಾದ ಕೀರ್ತನೆ ಪುಸ್ತಕದಲ್ಲಿ ಇರಲಿಲ್ಲ. ಅದು ಸ್ವಿಟ್ಜರ್ಲೆಂಡಿನಲ್ಲಿ ಒಂದು ಕೆರೆಯ ಮೇಲಿನ ಗುಡ್ಡದ ಹಳ್ಳಿಯದು, ಅವರ ತವರೂರಿನದು. ಶೆಡ್ಡು ಮುಚ್ಚಿದ ಮೇಲೆ ಅಪ್ಪ ಬೈಲಹೊಂಗಲಕ್ಕೆ ಬಂದು ಹತ್ತಿ ಅಡತಿ ಅಂಗಡಿಯಲ್ಲಿ ಗುಮಾಸ್ತರಾದರು. ಆ ಹಾಡನ್ನೂ ಆರು ಎಣಿಕೆಯ ಮೌನವನ್ನೂ ಜೊತೆಗೆ ತಂದರು.

ತೊಂಬತ್ತರ ದಶಕದ ನಡುವೆ ಅಪ್ಪ ತೀರಿಕೊಂಡರು. ಮಣ್ಣಿಗೆ ಬಂದವರಲ್ಲಿ ರಾಮದುರ್ಗದ ಒಬ್ಬ ನೇಕಾರರಿದ್ದರು. ನನ್ನಷ್ಟೇ ವಯಸ್ಸು, ಧೋತರ, ಹಣೆಯಲ್ಲಿ ವಿಭೂತಿ. "ನಮ್ಮಪ್ಪಾರೂ ನಿಮ್ಮಪ್ಪಾರೂ ಒಂದ ಶೆಡ್ಡಿನ್ಯಾಗ ಇದ್ರರಿ," ಎಂದರು. ನಾನು ತಲೆಯಾಡಿಸಿ ಮುಂದೆ ಹೋದೆ. ನನ್ನ ಕೈಯಲ್ಲಿ ಆ ದಿನದ ಕೆಲಸಗಳ ಪಟ್ಟಿಯಿತ್ತು.

ಕುಣಿಯ ಸುತ್ತ ನಿಂತು ಆ ಸ್ತೋತ್ರ ಹಾಡಿದೆವು. ಮೂರನೆಯ ಸಾಲು ಮುಗಿಯಿತು, ಎಲ್ಲರೂ ಸುಮ್ಮನಾದರು. ಆ ಮೌನದಲ್ಲಿ ಒಬ್ಬರ ಧ್ವನಿ ಎದ್ದಿತು. ರಾಮದುರ್ಗದವರು ಕಣ್ಣು ಮುಚ್ಚಿ ಒಬ್ಬರೇ ಹಾಡುತ್ತಿದ್ದರು. ನಮಗೆ ಗೊತ್ತಿದ್ದ ಧಾಟಿ ಅದಲ್ಲ, ಅದು ಬೇರೆ ಎಲ್ಲಿಗೋ ಹತ್ತುತ್ತಿತ್ತು. ನಾನು ಅಂಗೈ ಮುಂದೆ ಮಾಡಿ ಕೈ ಎತ್ತಿದೆ.

"ನಿಲ್ಲಸ್ರಿ. ಗೊತ್ತಿಲ್ಲದ ಹಾಡಿನ್ಯಾಗ ಬಾಯಿ ಹಾಕಬ್ಯಾಡ್ರಿ."

ಅವರು ನಿಲ್ಲಿಸಿದರು. ಹಿಂದೆ ಯಾರೋ ಕಿಸಕ್ಕೆಂದರು. ನಾಲ್ಕನೆಯ ಸಾಲು ಹಾಡಿ ಮುಗಿಸಿದೆವು. ಅವರ ಮುಷ್ಟಿಯಲ್ಲಿ ಕುಣಿಗೆ ಹಾಕಲು ಹಿಡಿದ ಮಣ್ಣಿತ್ತು. ಅದನ್ನು ಕುಣಿಯೊಳಗೆ ಹಾಕಲಿಲ್ಲ, ಅಂಚಿನಲ್ಲಿ ಇಟ್ಟು ಕೈ ಒರೆಸಿಕೊಂಡು ಹೊರಟುಹೋದರು. ಊಟಕ್ಕೂ ನಿಲ್ಲಲಿಲ್ಲ. ಕ್ರಮ ಉಳಿಯಿತು ಎಂದು ನನಗೆ ಸಮಾಧಾನವೇ ಆಗಿತ್ತು.

ಅಪ್ಪನ ಟ್ರಂಕನ್ನು ನಾನು ತೆರೆದದ್ದು ನಿವೃತ್ತಿಯಾದ ಮೇಲೆ, ಎರಡು ಸಾವಿರದ ಇಸವಿ ದಾಟಿತ್ತು. ಹಳೆಯ ಕೋಟಿನ ಕೆಳಗೆ ಒಂದೇ ಅಳತೆಯ ಮೂರು ಕೈಬರಹದ ಪುಸ್ತಕಗಳಿದ್ದವು. ಹೊದಿಕೆಯ ಮೇಲೆ ದುಂಡನೆಯ ಅಕ್ಷರ: ನಾಲ್ಕರಲ್ಲಿ ಒಂದು. ನಾಲ್ಕರಲ್ಲಿ ಎರಡು. ನಾಲ್ಕರಲ್ಲಿ ನಾಲ್ಕು. ಮೊದಲ ಪುಟದಲ್ಲಿ ದೊರಸಾನಿಯವರ ಕನ್ನಡ. ಸ್ವಿಟ್ಜರ್ಲೆಂಡಿನ ನಮ್ಮ ಹಳ್ಳಿಯ ಸಭೆಯಲ್ಲಿ ವಾದ್ಯವಿಲ್ಲ, ಒಂದೊಂದು ಬೆಂಚಿನವರು ಒಂದೊಂದು ಧ್ವನಿ ಹಿಡಿದು ನಾಲ್ಕು ಧ್ವನಿಗಳಲ್ಲಿ ಹಾಡುವರು, ಇದನ್ನು ಕಟ್ಟಿದವನು ಅಲ್ಲಿನ ಸಾಲೆಯ ಉಪಾಧ್ಯಾಯನು ಎಂದು ಬರೆದಿದ್ದರು. ಕೆಳಗೆ ಸೋಲ್ಫಾದಲ್ಲಿ, ಅಂದರೆ ಡೊ ರೆ ಮಿಯ ಮೊದಲ ಅಕ್ಷರಗಳಲ್ಲಿ, ಸ್ವರ. ನರ್ಸಿಂಗ್ ಕಲಿಯುವಾಗ ನಮಗೆ ಅದನ್ನು ಓದಲು ಕಲಿಸಿದ್ದರು. ಒಂದನೆಯ ಪುಸ್ತಕದಲ್ಲಿದ್ದದ್ದು ನಾವು ಹಾಡುತ್ತಿದ್ದ ಧಾಟಿ. ಬೆರಳಿಟ್ಟು ಓದುತ್ತ ಮೂರನೆಯ ಸಾಲಿನ ಕೊನೆಗೆ ಬಂದೆ. ಅಲ್ಲಿ ಆರು ಉದ್ದ ಗೀಟುಗಳು, ಪಕ್ಕದಲ್ಲಿ ಒಂದು ಸೂಚನೆ: ಇಲ್ಲಿ ಮೂರನೆಯವನು ಒಬ್ಬನೇ. ಉಳಿದವರು ಎಣಿಸಿ ಕಾಯಬೇಕು.

ಎರಡನೆಯದರಲ್ಲೂ ಅದೇ, ನಾಲ್ಕನೆಯದರಲ್ಲೂ ಅದೇ. ಮೂರನೆಯ ಪುಸ್ತಕ ಟ್ರಂಕಿನಲ್ಲಿ ಇರಲಿಲ್ಲ. ತಳದಲ್ಲಿ ರಾಮದುರ್ಗದಿಂದ ಬಂದ ಹಳೆಯ ಕಾರ್ಡುಗಳ ಕಟ್ಟು ಸಿಕ್ಕಿತು. ಮಗ್ಗದ ಸುದ್ದಿ, ಮಳೆಯ ಸುದ್ದಿ, ಪ್ರತಿಯೊಂದರ ಕೊನೆಗೆ ಒಂದೇ ಸಹಿ: ನಿಮ್ಮ ಮೂರನೆಯವ.

 ಐವತ್ತು ವರ್ಷ ನಾವು ಭಕ್ತಿಯಿಂದ ಕಾಪಾಡಿದ್ದು ಒಬ್ಬ ಮನುಷ್ಯನ ಖಾಲಿ ಜಾಗ. ಅಪ್ಪ ಬೆರಳು ಎಣಿಸುತ್ತಿದ್ದದ್ದು ರಾಮದುರ್ಗಕ್ಕೆ ಹೋದ ಗೆಳೆಯನ ಪಾಲನ್ನು. ಆ ಗೆಳೆಯನ ಮಗ ಅಪ್ಪನ ಕುಣಿಯ ಬಳಿ ಬಂದು ಆ ಜಾಗ ತುಂಬಿದಾಗ ನಾನು ಅವರ ಬಾಯಿ ಮುಚ್ಚಿಸಿದ್ದೆ.

ಮರುದಿನವೇ ಬಸ್ಸು ಹತ್ತಬೇಕಿತ್ತು. ಹತ್ತಲಿಲ್ಲ. ಒಂದು ವರ್ಷ ತಳ್ಳಿದೆ. ಅದರ ಬದಲು ಬೇರೆ ಕೆಲಸಗಳನ್ನು ಮಾಡಿದೆ. ಕಿತ್ತೂರಿನಲ್ಲಿ ನಮ್ಮ ಪರಿಚಯದ ನಿವೃತ್ತ ಮಾಸ್ತರರೊಬ್ಬರಿದ್ದರು, ದಪ್ಪ ಧ್ವನಿ. ಅವರಿಗೆ ನಾಲ್ಕನೆಯದನ್ನು ಕಲಿಸಿದೆ. ಸವದತ್ತಿಯಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದ ವಿಧವೆ ಒಬ್ಬರಿದ್ದರು, ಕಿವಿ ಬಹಳ ಚುರುಕು. ಅವರಿಗೆ ಎರಡನೆಯದು. ಶನಿವಾರಗಳಂದು ನಮ್ಮ ಮನೆಯಲ್ಲಿ ಮೂವರೂ ಕೂಡಿ ಹಾಡುತ್ತಿದ್ದೆವು. ಆರು ಗೀಟು ಬಂದಾಗ ಮೂವರೂ ಗೋಡೆ ನೋಡುತ್ತಿದ್ದೆವು. ಮೂರನೆಯದನ್ನು ನಾನೇ ಊಹಿಸಿ ಬರೆಯಲು ನೋಡಿದೆ. ಮಾಸ್ತರರು ಒಮ್ಮೆ ಕೇಳಿ, "ಸಿಸ್ಟರ, ಇದು ಹಾಡಲ್ರಿ, ಟೆಂಪರೇಚರ್ ಚಾರ್ಟ್ ಆಗೇತಿ," ಎಂದರು.

ಪುಸ್ತಕದಲ್ಲಿದ್ದ ಊರ ಹೆಸರು ಹಿಡಿದು ಮಾಸ್ತರರ ಕೈಯಿಂದಲೇ ಇಂಗ್ಲಿಷಿನಲ್ಲಿ ಆ ಸ್ವಿಸ್ ಹಳ್ಳಿಗೆ ಕಾಗದ ಬರೆಸಿದೆ. ನಾಲ್ಕು ತಿಂಗಳಿಗೆ ಉತ್ತರ ಬಂತು. ಬರೆದವರು ಅಲ್ಲಿನ ಚರ್ಚಿನ ಹಳೆಯ ಪುಸ್ತಕಗಳನ್ನು ನೋಡಿಕೊಳ್ಳುವ ಮಹಿಳೆ. ಅವರಲ್ಲಿ ಈಗ ಆರ್ಗನ್ ಇದೆಯಂತೆ, ಅದರ ಜೊತೆ ಎಲ್ಲರೂ ಒಂದೇ ಧಾಟಿ ಹಾಡುತ್ತಾರಂತೆ. ಆ ಉಪಾಧ್ಯಾಯನ ಹೆಸರೇ ಊರಿಗೆ ಮರೆತಿದೆ. ಈ ಹಾಡಿನ ಕಾಗದಗಳಲ್ಲಿ ಮೂರನೆಯ ಧ್ವನಿಯ ಹಾಳೆ ಅವರ ಹತ್ತಿರವೂ ಇಲ್ಲ. ನಿಮ್ಮಲ್ಲಿ ಸಿಕ್ಕರೆ ದಯವಿಟ್ಟು ಪ್ರತಿ ಕಳುಹಿಸಿ ಎಂದು ಎರಡು ಸಲ ಕೇಳಿದ್ದರು.

ಅಂದರೆ ಅದು ಉಳಿದಿದ್ದರೆ ಒಂದೇ ಕಡೆ. ಇನ್ನು ತಳ್ಳುವಂತಿರಲಿಲ್ಲ. ಒಂದು ಬುಧವಾರ ರಾಮದುರ್ಗಕ್ಕೆ ಹೋದೆ.

ಕಾರ್ಡಿನ ಮೇಲಿನ ವಿಳಾಸದಲ್ಲೇ ಆ ನೇಕಾರರು ಇದ್ದರು. ಓಣಿಯ ತುಂಬ ಮಗ್ಗದ ಸದ್ದು, ಆದರೆ ಅವರ ಮನೆಯ ಮಗ್ಗ ನಿಂತಿತ್ತು. ಅವರ ಹೆಂಡತಿ ಬಾಗಿಲಲ್ಲಿ ಕುಳಿತು ನೂಲಿನ ಲಡಿ ಬಿಡಿಸುತ್ತಿದ್ದರು. ನಾನು ಯಾರೆಂದು ಹೇಳಿದೆ. ಅವರ ಕೈ ನಿಂತಿತು. ಒಳಗೆ ತಿರುಗಿ, "ಬರ್ರಿಲ್ಲೆ. ಬೈಲಹೊಂಗಲದ ನರ್ಸಬಾಯಾರು ಬಂದಾರ. ಬಾಯಿ ಮುಚ್ಚಸಾಕ ಬಂದಾರೋ ಏನೋ ಕೇಳ್ರಿ," ಎಂದರು.

ನೇಕಾರರು ಹೊರಗೆ ಬಂದರು. "ಕುಂಡ್ರಿ, ಅಕ್ಕಾರ," ಎಂದರು. ಎರಡೇ ಶಬ್ದ.  ಇಂಥ ಒಡಕು ಧ್ವನಿಯನ್ನು ನಾನು ವಾರ್ಡಿನಲ್ಲಿ ಕೇಳಿದ್ದೆ.

"ಧ್ವನಿ ಎಷ್ಟ ದಿನದಿಂದ ಹಿಂಗ ಐತ್ರಿ?"

"ಏಳೆಂಟ ತಿಂಗಳಾತು."

"ಯಾರಿಗರೆ ತೋರಿಸೀರಿ?"

ಉತ್ತರ ಹೆಂಡತಿಯಿಂದ ಬಂತು. "ಬೆಳಗಾವ್ಯಾಗ ತೋರಿಸೇವ್ರಿ. ಬರೂ ಸೋಮವಾರ ಆಪರೇಶನ್. ಗಂಟಲದಾಗಿನ ಧ್ವನಿ ಪೆಟ್ಟಗಿ ಪೂರಾ ತಗೀತಾರಂತ. ಶನಿವಾರ ಮೂರರ ಬಸ್ಸಿಗೆ ಹೊಂಡತೇವಿ."

ಪೂರಾ ತೆಗೆದರೆ ಏನಾಗುತ್ತದೆ ಎಂದು ನನಗೆ ಯಾರೂ ವಿವರಿಸಬೇಕಿರಲಿಲ್ಲ. ಬುಧವಾರ ಮಧ್ಯಾಹ್ನ ಹನ್ನೆರಡಾಗಿತ್ತು. ಶನಿವಾರ ಮೂರಕ್ಕೆ ಎಪ್ಪತ್ತೈದು ತಾಸು. ನಾನು ತಳ್ಳಿದ ಒಂದು ವರ್ಷದ ಮೊದಲ ತಿಂಗಳುಗಳಲ್ಲಿ ಈ ಗಂಟಲು ಸರಿಯಾಗಿಯೇ ಇತ್ತು.

ಪುಸ್ತಕಗಳನ್ನು ತೆಗೆದು ತೋರಿಸಿದೆ. ಗೀಟುಗಳನ್ನು ತೋರಿಸಿದೆ. ಸ್ವಿಸ್ ಹಳ್ಳಿಯ ಕಾಗದದಲ್ಲಿ ಏನಿದೆ ಎಂದು ಹೇಳಿದೆ. "ಅವತ್ತ ನೀವು ಹಾಡಿದ್ದ ಬರೋಬರಿ ಇತ್ತು. ತಪ್ಪು ನಂದು," ಎಂದೆ.

ನೇಕಾರರು ಗೀಟುಗಳ ಮೇಲೆ ಬೆರಳಾಡಿಸಿದರು. ತಮ್ಮ ಅಪ್ಪನ ಪುಸ್ತಕ ಮನೆ ಸೋರಿ ಹಾಳಾಗಿ ಎಷ್ಟೋ ವರ್ಷವಾಯಿತು ಎಂದರು. ಆಮೇಲೆ ಪುಸ್ತಕ ಮುಚ್ಚಿ ನನ್ನ ಕೈಗೇ ಕೊಟ್ಟರು.

"ನೀವು ನಿಲ್ಲಸ್ರಿ ಅಂದ್ರಿ. ನಾ ನಿಲ್ಲಿಸೇನಿ. ಮುಗೀತಲ್ರಿ."

"ನಿಮ್ಮ ಹೊರತ ಇದು ಯಾರಿಗೂ ಗೊತ್ತಿಲ್ರಿ."

"ಹನ್ನೊಂದ ವರ್ಷ ಇವರ ಧ್ವನಿ ನಿಮಗ ಬೇಕಾಗಿದ್ದಿಲ್ಲ," ಎಂದರು ಹೆಂಡತಿ. "ಡಾಕ್ಟರ ಕೊಯ್ದ ಒಗಿಯಾಕ ನಿಂತಾಗ ಓಡಿ ಬಂದ್ರಿ. ಏನ ಟೈಮ ನೋಡ್ತೀರಿ ನೀವು."

 ಹೆಂಡತಿಯೇ ಮುಂದುವರಿಸಿದರು. "ಮಂದ್ಯಾಗ ಅಂದ್ರಿ. ಮಂದ್ಯಾಗ ಹಿಂದ ತಗೋರಿ. ಮನ್ಯಾಗ ಬಂದು ಗುಸುಗುಸು ತಪ್ಪಾತು ಅಂದ್ರ ಯಾರಿಗೆ ಕೇಳಸ್ತೈತಿ?"

ನೇಕಾರರು ಕೈಯಿಂದ ಹೆಂಡತಿಗೆ ಸಾಕು ಎಂದು ತೋರಿಸಿ ನನ್ನ ಕಡೆ ತಿರುಗಿದರು. ಪ್ರತಿ ಶಬ್ದಕ್ಕೂ ಉಸಿರು ಹುಡುಕುತ್ತಿದ್ದರು. "ಇನ್ನೊಂದ ಐತ್ರಿ. ಅದು ಒಬ್ಬಾಂವ ಹಾಡೂದಲ್ಲ. ಉಳಿದವರು ಹಾಡಿ ಬಾಯಿ ಮುಚ್ಚಬೇಕು, ಆವಾಗ ನನಗ ಅದು ತಾನ ಬರತೈತಿ. ನಮ್ಮಪ್ಪ ಹಂಗ ಕಲಿಸ್ಯಾನ. ಬರೇ ನನ್ನ ಪಾಲ ಹಾಡಂದ್ರ ಎಲ್ಲಿಂದ ಸುರು ಮಾಡ್ಲಿ?"

"ಡಾಕ್ಟರ ಏನ ಹೇಳ್ಯಾರ್ರಿ? ಮಾತಾಡಬ್ಯಾಡ ಅಂದಾರೇನು?"

"ಕಡಿಮಿ ಮಾತಾಡ ಅಂದಾರ."

ಮೂವತ್ತಾರು ವರ್ಷ ರೋಗಿಗಳಿಗೆ ಡಾಕ್ಟರ ಮಾತು ಮೀರಬೇಡಿ ಎಂದು ಹೇಳಿದವಳು ನಾನು. "ಶನಿವಾರ ಮಧ್ಯಾಹ್ನದ ಒಳಗ ಉಳಿದವರನ್ನ ಕರಕೊಂಡ ಬರತೇನ್ರಿ," ಎಂದೆ. ಅವರು ಹೂಂ ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ.

ಆ ರಾತ್ರಿಯೇ ಫೋನ್ ಮಾಡಿ ಇಬ್ಬರಿಗೂ ವೇಳಾಪಟ್ಟಿ ಹೇಳಿದೆ. ಶನಿವಾರ ಮಾಸ್ತರರು ಕಿತ್ತೂರಿನಿಂದ ಮೊದಲ ಬಸ್ಸಿಗೆ ಬರಬೇಕು. ಎಂಟಕ್ಕೆ ಇಬ್ಬರೂ ಬೈಲಹೊಂಗಲ ಬಿಡುವುದು. ಸವದತ್ತಿಯಲ್ಲಿ ಹೊಲಿಗೆಯವರನ್ನು ಕೂಡಿಸಿಕೊಂಡು ಹತ್ತರ ಬಸ್ಸು ಹಿಡಿಯುವುದು. ಹನ್ನೆರಡಕ್ಕೆ ರಾಮದುರ್ಗ. ಮೂರು ತಾಸು ಕೈಯಲ್ಲಿ ಉಳಿಯುತ್ತದೆ.

ಪಟ್ಟಿಯಲ್ಲಿ ನಾನು ಒಂದನ್ನು ಮರೆತಿದ್ದೆ. ಅಂದು ಹುಣ್ಣಿಮೆ. ಸವದತ್ತಿಗೆ ಇನ್ನೂ ದೂರವಿರುವಾಗಲೇ ಬಸ್ಸು ನಿಂತಿತು. ಮುಂದೆ ಚಕ್ಕಡಿ, ಟ್ರ್ಯಾಕ್ಟರ್, ನಡೆದು ಹೋಗುವವರು, ಎಲ್ಲರ ಹಣೆಯಲ್ಲೂ ಅರಿಶಿನದ ಭಂಡಾರ. ಎಲ್ಲ ದೇವಿಯ ಗುಡ್ಡದ ಜಾತ್ರೆಗೆ ಹೊರಟವರು. ನಾನು ಐದು ನಿಮಿಷಕ್ಕೊಮ್ಮೆ ಗಡಿಯಾರ ನೋಡಿದೆ. "ನೋಡಿದ್ರ ಅದೇನ ಹಿಂದ ತಿರಗತೈತೇನ್ರಿ?" ಎಂದರು ಮಾಸ್ತರರು. ಅವರ ಕೈ ಕೂಡ ಮುಂದಿನ ಸೀಟಿನ ಸರಳನ್ನು ಬಿಗಿಯಾಗಿ ಹಿಡಿದಿತ್ತು.

ಸವದತ್ತಿ ಸ್ಟ್ಯಾಂಡು ಮುಟ್ಟಿದಾಗ ಹನ್ನೆರಡು ದಾಟಿತ್ತು. ಹೊಲಿಗೆಯವರು ಊಟದ ಗಂಟು ಹಿಡಿದು ಕಂಬಕ್ಕೆ ಒರಗಿ ನಿಂತಿದ್ದರು.

"ನಿಮ್ಮ ಕ್ಯಾಲೆಂಡರದಾಗ ಹುಣ್ಣಿಮಿ ಇಲ್ಲೇನ್ರಿ, ಸಿಸ್ಟರ?"

"ರಾಮದುರ್ಗದ ಬಸ್ಸು?"

"ಹತ್ತರದೂ ಇಲ್ಲ, ಹನ್ನೊಂದರದೂ ಇಲ್ಲ. ಎಲ್ಲಾ ಬಸ್ಸು ಗುಡ್ಡದ ಮಂದಿಗಂತ ಉಗರಗೋಳದ ಕಡೆ ಹಚ್ಯಾರ."

ಇನ್ನು ಕಾಯುವುದರಲ್ಲಿ ಅರ್ಥವಿರಲಿಲ್ಲ. ಒಂದು ಟ್ರ್ಯಾಕ್ಸ್ ಜೀಪು ಗುಡ್ಡದಿಂದ ಮಂದಿಯನ್ನು ತಂದು ಇಳಿಸಿ ರಾಮದುರ್ಗದ ಕಡೆ ಹಿಂದಿರುಗುತ್ತಿತ್ತು. ಅದರಲ್ಲಿ ಹತ್ತು ಜನರ ಜಾಗದಲ್ಲಿ ಹದಿನೇಳು ಮಂದಿ ಕುಳಿತೆವು. ನನ್ನ ಬಿಳಿ ಸೀರೆಗೆ ಅಕ್ಕಪಕ್ಕದವರ ಭಂಡಾರ ಮೆತ್ತಿತು. ಆ ಇಕ್ಕಟ್ಟಿನಲ್ಲೇ ಮೂವರೂ ಸಣ್ಣಗೆ ಹಾಡಿ ನೋಡಿಕೊಂಡೆವು. ಆರು ಎಣಿಕೆಯ ಮೌನ ಬಂದಾಗ ಎದುರಿನ ಮುದುಕಿ, "ಯಾಕ ನಿಲ್ಲಿಸಿದ್ರಿ? ಚೊಲೋ ಇತ್ತಲ್ರಿ," ಎಂದಳು. 

ಓಣಿಯ ತುದಿಯಲ್ಲಿ ಇಳಿದಾಗ ಎರಡು ಗಂಟೆ ಇಪ್ಪತ್ತು ನಿಮಿಷ. ಅವರ ಬಾಗಿಲಲ್ಲಿ ಚೀಲ ಕಟ್ಟಿ ಇಟ್ಟಿತ್ತು. ಬೀಳ್ಕೊಡಲು ಓಣಿಯ ಮಂದಿ ಹತ್ತು ಹನ್ನೆರಡು ಜನ ಕೂಡಿದ್ದರು. ನೇಕಾರರು ಕಟ್ಟೆಯ ಮೇಲೆ ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದರು. ಅವರ ಹೆಂಡತಿ ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು.

"ಬಂದ್ರಿ? ತಗೋರಿ, ಮಂದಿ ಅದಾರ."

ಭಾಷಣ ತಯಾರು ಮಾಡಿಕೊಂಡಿದ್ದೆ, ಅದೆಲ್ಲ ಹೋಯಿತು. ಕೈ ಜೋಡಿಸಿ ನಿಂತೆ. "ನಮ್ಮಪ್ಪನ ಮಣ್ಣಿನ್ಯಾಗ ಇವರು ಹಾಡಿದ್ರು. ನಾ ಎಲ್ಲಾರ ಮುಂದ ನಿಲ್ಲಸ್ರಿ ಅಂದೆ. ಇವರ ಹಾಡು ಬರೋಬರಿ ಇತ್ತು. ನನಗ ಗೊತ್ತಿದ್ದಿಲ್ಲ, ಗೊತ್ತೈತಿ ಅನಕೊಂಡಿದ್ದೆ. ತಪ್ಪ ನಂದು," ಎಂದೆ.

ಓಣಿಯವರು ಒಬ್ಬರ ಮುಖ ಒಬ್ಬರು ನೋಡಿದರು.  ಗಡಿಯಾರ ನೋಡಬಾರದು ಎಂದು ನಾನು ಕೈಯನ್ನು ಹಿಂದೆ ಕಟ್ಟಿಕೊಂಡೆ. ಕೊನೆಗೆ ನೇಕಾರರು ಚಪ್ಪಲಿ ಬಿಟ್ಟು ಒಳಗೆ ಹೋಗಿ ಮಗ್ಗದ ಕುಣಿಯಲ್ಲಿ ತಮ್ಮ ಜಾಗದಲ್ಲಿ ಕುಳಿತರು. ನಮಗೆ ಎದುರಿನ ಗೋಡೆ ತೋರಿಸಿದರು.

ನಾನು ಪೆನ್ಸಿಲು, ಹಾಳೆ ತೆಗೆದೆ. ಮೊದಲ ಸಾಲು ಶುರು ಮಾಡಿದೆವು. ಅವರು ನಮ್ಮ ಜೊತೆಗೆ, ನಮ್ಮ ನಡುವೆ, ಒಂದು ದಾರದ ಹಾಗೆ ಸೇರಿಕೊಂಡರು. ಗಾಳಿಯೇ ಹೆಚ್ಚು, ಸ್ವರ ಕಡಿಮೆ. ಆದರೂ ಒಂದೂ ಸ್ವರ ಅಳುಕಲಿಲ್ಲ. ಎರಡನೆಯ ಸಾಲು ಮುಗಿಯಿತು, ಮೂರನೆಯದು ಮುಗಿಯಿತು. ನಾವು ಮೂವರೂ ಬಾಯಿ ಮುಚ್ಚಿದೆವು.

ಒಂದು, ಎರಡು. ಅವರ ಧ್ವನಿ ಮೇಲೆ ಹತ್ತಿತು. ಮೂರಕ್ಕೆ ಆ ಸ್ವರವನ್ನೇ ಹಿಡಿದು ನಿಂತಿತು. ನಾನು ಬರೆಯುತ್ತಿದ್ದೆ. ನಾಲ್ಕಕ್ಕೆ ಬರೀ ಗಾಳಿ ಬಂತು. ಬಾಯಿ ತೆರೆದೇ ಇತ್ತು, ಕುತ್ತಿಗೆಯ ನರ ಉಬ್ಬಿತ್ತು, ಸ್ವರವಿಲ್ಲ. ಪೆನ್ಸಿಲು ಹಾಳೆಯ ಮೇಲೆ ನಿಂತಿತು.

ಆಗ ಬಾಗಿಲ ಕಡೆಯಿಂದ ನಾಲ್ಕನೆಯ ಎಣಿಕೆಯ ಸ್ವರ ಬಂತು. ಐದು. ಆರು. ಅವರ ಹೆಂಡತಿ. ಹೆಂಗಸಿನ ತೆಳು ಧ್ವನಿ, ಚೀಲದ ಹಗ್ಗ ಬಿಗಿಯುತ್ತ, ನಮ್ಮ ಕಡೆ ನೋಡದೆ. ಗಂಡ ನಿಲ್ಲಿಸಿದ ಜಾಗದಿಂದ ಹಿಡಿದು ಮೆಲ್ಲಗೆ ಇಳಿಸಿ ನಮ್ಮ ನಾಲ್ಕನೆಯ ಸಾಲಿನ ಬಾಗಿಲಿಗೆ ತಂದು ಬಿಟ್ಟರು. ನಾವು ಹಾಡುವುದನ್ನೇ ಮರೆತೆವು.

"ಏನ ನೋಡ್ತೀರಿ?" ಎಂದರು. "ಮಂದ್ಯಾಗ ಹಾಡೂದ ಬಿಟ್ಟಿದ್ರು. ಮಗ್ಗದ ಮುಂದ ಬಿಟ್ಟಿದ್ದಿಲ್ಲ, ಅಲ್ಲೆ ಮಗ್ಗದ ಸದ್ದ ಅವರ ಜೋಡಿ ಇರತಿತ್ತು. ಮೂವತ್ತ ವರ್ಷ ಲಡಿ ಸುತ್ತಕೋತ ಕೇಳೇನಿ. ನನಗೇನ ಕಿವಿ ಇಲ್ಲೇನು?"

"ಮೊನ್ನಿ ಯಾಕ ಹೇಳಲಿಲ್ರಿ?" ಎಂದೆ.

"ನೀವು ನನ್ನ ಕೇಳಿದ್ರೇನು?"

ಎರಡು ನಲವತ್ತಾಗಿತ್ತು. ಇನ್ನೆರಡು ಸಲ ಹಾಡಿದೆವು. ಗಂಡ ತುಟಿಯಾಡಿಸಿ ಕೈಯಲ್ಲಿ ಏರಿಳಿತ ತೋರಿಸಿದರು, ಹೆಂಡತಿ ಹಾಡಿದರು, ನಾನು ಪೂರ್ತಿ ಬರೆದುಕೊಂಡೆ. ಮಾಸ್ತರರು ಅವರ ಚೀಲ ಹೊತ್ತು ಸ್ಟ್ಯಾಂಡಿನ ತನಕ ಬಹುತೇಕ ಓಡಿದರು. ಬಸ್ಸು ಇನ್ನೂ ನಿಂತಿತ್ತು. ನಾನು ಅವರ ಆಸ್ಪತ್ರೆಯ ಕಾಗದಗಳನ್ನು ಒಮ್ಮೆ ನೋಡಿ, ಯಾವುದನ್ನು ಮೊದಲು ತೋರಿಸಬೇಕೋ ಅದನ್ನು ಮೇಲೆ ಇಟ್ಟುಕೊಟ್ಟೆ. ನೇಕಾರರು ಕಿಟಕಿಯಿಂದ ನನ್ನ ಸೀರೆಯ ಮೇಲಿನ ಭಂಡಾರ ತೋರಿಸಿ ನಕ್ಕರು.

ಆಪರೇಶನ್ ಸರಿಯಾಗಿ ಆಯಿತು. ಕುತ್ತಿಗೆಯ ರಂಧ್ರವನ್ನು ದಿನವೂ ಹೇಗೆ ಸ್ವಚ್ಛ ಮಾಡಬೇಕು ಎಂದು ಅವರ ಹೆಂಡತಿಗೆ ನಾನೇ ಹೋಗಿ ಕಲಿಸಿದೆ. ಅವರು ಎರಡೇ ದಿನದಲ್ಲಿ ಕಲಿತರು. ಅವರು ಹಾಡಿ ಕಲಿಸಿದ್ದನ್ನು ನಾನು ಕಲಿಯಲು ಒಂದು ತಿಂಗಳು ಹಿಡಿಯಿತು. ಮೂರನೆಯ ಧ್ವನಿಯನ್ನು ಶುದ್ಧವಾಗಿ ಪ್ರತಿ ಮಾಡಿ, ಹೊದಿಕೆಯ ಮೇಲೆ ನಾಲ್ಕರಲ್ಲಿ ಮೂರು ಎಂದು ಬರೆದು, ಸ್ವಿಸ್ ಹಳ್ಳಿಗೆ ಕಳುಹಿಸಿದೆ.

ಮುಂದಿನ ವರ್ಷ ಅಲ್ಲಿಂದ ಒಂದು ಕ್ಯಾಸೆಟ್ ಬಂತು. ಹಳ್ಳಿಯ ಸಭೆಯವರು ಆರ್ಗನ್ ಮುಚ್ಚಿಟ್ಟು ನಾಲ್ಕು ಧ್ವನಿಯಲ್ಲಿ ಹಾಡಿದ್ದಾರೆ ಎಂದು ಕಾಗದದಲ್ಲಿತ್ತು. ಟೇಪ್ ರೆಕಾರ್ಡರ್ ಹಿಡಿದು ರಾಮದುರ್ಗಕ್ಕೆ ಹೋದೆ. ಈ ಸಲ ಹುಣ್ಣಿಮೆ ನೋಡಿಕೊಂಡೇ ಹೋಗಿದ್ದೆ. ಮಗ್ಗದ ಮೇಲೆ ಟೇಪ್ ಇಟ್ಟು ಹಚ್ಚಿದೆ. ನೇಕಾರರು ಕಣ್ಣು ಮುಚ್ಚಿ ಕೇಳಿದರು. ನಮಗೆ ತಿಳಿಯದ ಭಾಷೆಯಲ್ಲಿ ನಮ್ಮ ಮೂರು ಸಾಲು. ಟೇಪಿನಲ್ಲಿ ಎಲ್ಲರೂ ಸುಮ್ಮನಾದರು. ಗಂಡಸರ ಒಂದು ಬೆಂಚಿನ ಧ್ವನಿ ಮಾತ್ರ ಎದ್ದು ಮೇಲೆ ಹತ್ತಿತು.

ನೇಕಾರರು ಕಣ್ಣು ತೆರೆದರು. ಅಂಗೈ ಮುಂದೆ ಮಾಡಿ ಕೈ ಎತ್ತಿದರು, ನಾನು ಅಂದು ಕುಣಿಯ ಬಳಿ ಎತ್ತಿದ ಹಾಗೆ.

ನಾನು ಟೇಪ್ ನಿಲ್ಲಿಸಿದೆ.

ಅವರು ಪಾಟಿ ತೆಗೆದುಕೊಂಡು ಬಳಪದಿಂದ ಮೂರು ಎಂದು ಬರೆದು, ಅದರ ಕೆಳಗೆ ಎರಡು ಸಲ ಗೀಟೆಳೆದರು.

"ಮೂರಕ್ಕ ನಿಂದ್ರೂದಿಲ್ಲ ಅವರು," ಎಂದರು ಹೆಂಡತಿ. "ಓಡತಾರ. ಅಲ್ಲೆ ಉಸರ ಹಿಡದ ನಿಂದ್ರಬೇಕು. ಬರೀರಿ ಅವರಿಗೆ."

ಹೇಗೆ ನಿಲ್ಲಬೇಕು ಎಂದು ಅವರು ಹಾಡಿ ತೋರಿಸಿದರು. ನೇಕಾರರು ಬೆರಳು ಎಣಿಸುತ್ತ, ಮೂರರ ಮೇಲೆ ಹೆಬ್ಬೆರಳನ್ನು ಒತ್ತಿ ಹಿಡಿದರು. ಅದೇ ಟೇಪಿನ ಇನ್ನೊಂದು ಬದಿಗೆ ನಾನು ಅದನ್ನು ತುಂಬಿಕೊಂಡೆ. ಮರುದಿನ ಅಂಚೆ ಕಚೇರಿ ತೆರೆಯುವ ಮೊದಲೇ ಕಾಗದ ಬರೆದು ಮುಗಿಸಿದ್ದೆ. ಹಾಡು ತಲುಪಿದೆ, ಎಲ್ಲ ಚೆನ್ನಾಗಿದೆ, ಮೂರನೆಯ ಎಣಿಕೆಗೆ ಮಾತ್ರ ನೀವು ನಿಲ್ಲುತ್ತಿಲ್ಲ, ಮೊದಲಿನಿಂದ ಹಾಡಿ ಕಳುಹಿಸಬೇಕೆಂದು ರಾಮದುರ್ಗದಿಂದ ಹೇಳಿದ್ದಾರೆ.